ನಾಯಿಯ ಪಾಲನ್ನು ಒಲೆಗೆ ಏರಿಸಿದ್ದು

ನನ್ನ ಮೊಮ್ಮಗಳು ಮನೆಗೆ ಬಂದಳು! ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂದಳು. ಇಳಿದವಳೇ ಅವ್ವನ ಕೈ ಬಿಡಿಸಿಕೊಂಡು ಓಡಿ ಬಂದು ಬಾಗಿಲಲ್ಲಿ ನಿಂತು “ಆಯೀ” ಎಂದು ಕೂಗಿದಳು. ಆ ಕೂಗು ನಮ್ಮ ಓಣಿ ದಾಟಿ ಊರ ಕಟ್ಟೆಯ ತನಕ ಕೇಳಿಸಿರಬೇಕು. ಕೇಳಲಿ. ಯಾರಿಗೆ ಕೇಳಬೇಕಾಗಿತ್ತೋ ಅವರೆಲ್ಲ ಆ ಕಟ್ಟೆಯ ಮೇಲೇ ಕೂತಿರುತ್ತಾರೆ. ಯುಗಾದಿ ಹೊತ್ತಿಗೆ ಹೋದ ಕೂಸು ಈಗ ದೀಪಾವಳಿ ಹತ್ತಿರ ಬಂದಾಗ ತಿರುಗಿ ಬಂದಿದೆ. ಕೆನ್ನೆ ತುಂಬಿಕೊಂಡಿವೆ. ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ಮಾಸುತ್ತಿದೆ. ನನಗೆ ಎದೆ ತುಂಬಿ ಮಾತು ನಿಲ್ಲುತ್ತಿಲ್ಲ. ಸಿಟ್ಟೂ ಇನ್ನೂ ಆರಿಲ್ಲ. ಎರಡನ್ನೂ ಇಟ್ಟುಕೊಂಡೇ ಬರೆಯುತ್ತೇನೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಸಾಲು ಸೊಟ್ಟಾದರೆ ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು.

ನಮ್ಮದು ರಾಣೇಬೆನ್ನೂರು ತಾಲ್ಲೂಕಿನ ಸಣ್ಣ ಊರು. ಕುರಿ ನಮ್ಮ ಕಸುಬು. ಮನೆಗೆ ಹತ್ತಿಕೊಂಡೇ ಕುರಿ ತರುಬುವ ದಡ್ಡಿ, ದಡ್ಡಿಯ ಸುತ್ತ ನಾಯಿಗಳು. ಮೊಮ್ಮಗಳು ನಾಯಿಯ ಹೊಟ್ಟೆಗೆ ತಲೆ ಕೊಟ್ಟು ಮಲಗಿ ಬೆಳೆದವಳು. ಅವಳಿಗೆ ಊಟ ಸೇರದಾಯಿತು, ಬಲಪಕ್ಕೆಯ ಕೆಳಗೆ ಹೊಟ್ಟೆ ಉಬ್ಬುತ್ತ ಬಂತು. ಒಬ್ಬರು ಜಂತು ಎಂದರು, ಒಬ್ಬರು ಕಾಮಾಲೆ ಎಂದರು. ಮತ್ತೊಬ್ಬರು ಯಾರದೋ ಕಣ್ಣು ಬಿದ್ದಿದೆ ಎಂದು ಬ್ಯಾಡಗಿ ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಕೂಸಿನ ಹೊಟ್ಟೆ ಮಾತ್ರ ಇಳಿಯಲಿಲ್ಲ. ಹಾವೇರಿಯಲ್ಲಿ ತೋರಿಸಿದಾಗ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಅಲ್ಲಿ ಸ್ಕ್ಯಾನಿಂಗ್ ಮಾಡಿ ಹೇಳಿದರು, ಲಿವರಿನಲ್ಲಿ ದೊಡ್ಡ ಮೋಸಂಬಿಯಷ್ಟು ನೀರಿನ ಗುಳ್ಳೆ ಇದೆ ಎಂದು. ನಾವು ಕುರಿಯಲ್ಲಿ ಕಲೀಜಿ ಎನ್ನುತ್ತೇವಲ್ಲ, ಅದರೊಳಗೆ.

ಆಪರೇಶನ್ ಮಾಡಿದ ಡಾಕ್ಟರು ದೊಡ್ಡ ಮನಸ್ಸಿನವರು. ಗುಳ್ಳೆಯ ನೀರು ಒಂದು ಹನಿ ಹೊಟ್ಟೆಯೊಳಗೆ ಚೆಲ್ಲಿದರೂ ಅಲ್ಲಿ ಮತ್ತೆ ಹೊಸ ಗುಳ್ಳೆ ಏಳುತ್ತವಂತೆ. ಅದಕ್ಕೆ ಸುತ್ತಲೂ ಔಷಧದ ಬಟ್ಟೆ ಹೊದಿಸಿ, ಮೊದಲು ಸೂಜಿಯಿಂದ ನೀರು ಎಳೆದು, ಆಮೇಲೆ ಚೀಲ ತೆಗೆದರಂತೆ. ತಟ್ಟೆಯಲ್ಲಿ ಇಟ್ಟು ನಮಗೂ ತೋರಿಸಿದರು. ಬೇಯಿಸಿದ ತತ್ತಿಯ ಬಿಳಿ ಭಾಗದಂಥ ಪೊರೆ. ಅದೇನು ಹೊಸದಲ್ಲ ನಮಗೆ. ಕುರಿ ಕೊಯ್ದಾಗ ಪುಪ್ಪುಸದಲ್ಲಿ, ಕಲೀಜಿಯಲ್ಲಿ ಅದನ್ನು ನಮ್ಮ ಮಂದಿ ಹುಟ್ಟಿದಾಗಿನಿಂದ ನೋಡಿದ್ದೇವೆ. ನೀರುಗುಳ್ಳೆ ಎಂದು ಹೆಸರೂ ಇಟ್ಟಿದ್ದೇವೆ.

“ಮನ್ಯಾಗ ಕುರಿ, ನಾಯಿ ಎರಡೂ ಅದಾವೇನ್ರಿ?” ಎಂದು ಡಾಕ್ಟರು ಕೇಳಿದರು.

“ಅದಾವ್ರಿ ಸಾಹೇಬ್ರ.”

“ಹಂಗಾದ್ರ ನಾಯಿ ಹೊಟ್ಟ್ಯಾಗ ಹುಳ ಇರ್ತಾವ. ಮೊದಲ ಅದನ್ನ ನೋಡ್ರಿ. ಇಲ್ಲಾಂದ್ರ ಈ ಕೂಸು ಮತ್ತ ಇಲ್ಲಿಗೇ ಬರ್ತೈತಿ.”

ಈ ಮಾತು ನನ್ನ ಸೊಸೆಯ ಎದೆಯಲ್ಲಿ ನಟ್ಟಿತು. ಆಸ್ಪತ್ರೆಯಿಂದ ಆಕೆ ನಮ್ಮ ಊರಿಗೆ ಬರಲೇ ಇಲ್ಲ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಕೂಸನ್ನು ಎತ್ತಿಕೊಂಡು ತವರಿಗೆ ಇಳಿದಳು. ಇಳಿಯುವ ಮುಂದೆ ನನ್ನ ಕೈ ಹಿಡಿದು ಹೇಳಿದಳು:

“ಅತ್ತಿ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಆ ನಾಯಿಗಳ ಹೊಟ್ಟಿ ಸ್ವಚ್ಛ ಆಗೂತನಕ ಕೂಸಿನ್ನ ದಡ್ಡಿಗೆ ಕರಕೊಂಡ ಬರೂದಿಲ್ಲ. ಇನ್ನೊಮ್ಮೆ ಆಕಿ ಹೊಟ್ಟಿ ಕೊಯ್ಯೂದು ನನ್ನ ಕೈಲೆ ನೋಡಾಕ ಆಗೂದಿಲ್ಲ.”

ತಾಯಿ ಆಡುವ ಮಾತೇ ಅದು. ಆದರೆ ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಕೂಸು “ಆಯಿ ಯಾಕ ಇಳೀಲಿಲ್ಲ” ಎಂದು ಅಳುತ್ತಿತ್ತು. ನಾಯಿಗಳ ಹೊಟ್ಟೆ ಸ್ವಚ್ಛ ಮಾಡಬೇಕು, ಕೂಸನ್ನು ಮನೆಗೆ ತರಬೇಕು. ನನಗೆ ಅದಕ್ಕಿಂತ ಬೇರೆ ಕೆಲಸ ಉಳಿಯಲಿಲ್ಲ.

ಊರಿಗೆ ಬಂದರೆ ಕಟ್ಟೆಯ ಮೇಲೆ ಆಗಲೇ ತೀರ್ಮಾನ ಆಗಿತ್ತು. ಏನೆಂದು? ಊರ ನಾಯಿಗಳನ್ನೆಲ್ಲ ವಿಷ ಹಾಕಿ ಕೊಲ್ಲಬೇಕೆಂದು! ಕೂಸಿಗೆ ಜಡ್ಡಾದಾಗ ಒಬ್ಬರೂ ಬಂದು ಹೇಗಿದೆ ಎಂದು ಕೇಳಿದವರಲ್ಲ. ಕೊಲ್ಲುವುದಕ್ಕೆ ಮಾತ್ರ ಎಲ್ಲರಿಗೂ ಪುರಸೊತ್ತು.

ನನ್ನ ಸಿಟ್ಟಿಗೆ ಕಾರಣ ಹೇಳುತ್ತೇನೆ. ನಮ್ಮೂರ ಮೂಡಲಿಗೆ ಕುರುಚಲು ಅಡವಿ ಇತ್ತು. ಕಾರಿಕಂಟಿ, ಕವಳಿಕಂಟಿ, ಬಾರಿ, ತುಗ್ಗಲಿ. ಕುರಿ ದಿನವಿಡೀ ಅಲ್ಲಿ, ನಾಯಿಯೂ ಅಲ್ಲಿ. ಮೊಲ, ಇಲಿ ಹಿಡಿದು ನಾಯಿ ತನ್ನ ಹೊಟ್ಟೆ ತಾನೇ ಹೊರೆಯುತ್ತಿತ್ತು. ಕುರಿ ಸತ್ತರೆ ರಣಹದ್ದು ಬಂದು ತಿಂದು ಮುಗಿಸುತ್ತಿದ್ದವು. ಆ ಅಡವಿ ಕಡಿದರು. ಕಡಿದು ನೀಲಗಿರಿ ಹಚ್ಚಿದರು. ನೀಲಗಿರಿಯ ಬುಡದಲ್ಲಿ ಒಂದು ಎಸಳು ಹುಲ್ಲು ಏಳುವುದಿಲ್ಲ, ನೆರಳೂ ನೆಟ್ಟಗೆ ಬೀಳುವುದಿಲ್ಲ. ಆಗ ಈ ಕಟ್ಟೆಯವರು ಅಡವಿ ಹೋಯಿತೆಂದು ಮರುಗಲಿಲ್ಲ, ನೆಡುವ ಕೂಲಿ ಸಿಕ್ಕಿತೆಂದು ಹಿಗ್ಗಿದರು. ಕುರಿಗಳು, ನಾಯಿಗಳು, ನಮ್ಮ ಮಕ್ಕಳು ಎಲ್ಲ ಊರ ಅಂಚಿನ ಒಂದು ಪಟ್ಟಿ ನೆಲಕ್ಕೆ ಬಂದು ಬಿದ್ದೆವು. ಕುರಿ ಮೇಯುವುದೂ ಅಲ್ಲೇ, ನಾಯಿ ಹೇಲುವುದೂ ಅಲ್ಲೇ, ಮಕ್ಕಳು ಆಡುವುದೂ ಅಲ್ಲೇ. ನಾಯಿಗೆ ತಿನ್ನಲು ನಾವು ಎಸೆದದ್ದು ಬಿಟ್ಟರೆ ಬೇರೆ ಇಲ್ಲ. ಇಷ್ಟೆಲ್ಲ ಮಾಡಿಟ್ಟು, ಕೊನೆಗೆ ತಪ್ಪು ಯಾರದು? ನಾಯಿಯದು!

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆಯ ಮುಂದೆ ಹೋಗಿ ನಿಂತೆ. ಊರ ಹಿರಿಯರು ಎಲೆ ಅಡಿಕೆ ಮೆಲ್ಲುತ್ತ ಕೇಳಿದರು:

“ಏನವಾ, ಕೂಸಿಗಿಂತ ನಾಯಿ ಹೆಚ್ಚಾತೇನ ನಿನಗ?”

“ಕೂಸಿನ ಸಲುವಾಗೇ ಕೇಳಾಕ ಬಂದೇನ್ರಿ. ಈ ನಾಯಿ ಕೊಂದ್ರ ನಾಳೆ ಮತ್ತೊಂದ ಊರಿನ ನಾಯಿ ಬರ್ತೈತಿ, ಹೊಟ್ಟ್ಯಾಗ ಅದss ಹುಳ ತರ್ತೈತಿ. ತೋಳಂತೂ ಬರೂದು ಬಿಡೂದಿಲ್ಲ. ನಾಯಿ ಇಲ್ಲಂದ್ರ ನೀವು ಬಂದು ನನ್ನ ದಡ್ಡಿ ಮುಂದ ಕುಂತ ಬೊಗಳ್ತೀರೇನ್ರಿ?”

ಕಟ್ಟೆಯೆಲ್ಲ ನಕ್ಕಿತು. ಹಿರಿಯರ ಬಾಯಲ್ಲಿದ್ದ ಎಲೆಯ ರಸ ಗಲ್ಲಕ್ಕೆ ಇಳಿಯಿತು. “ಮೈಲಾರಲಿಂಗನ ನಾಯಿ ಅದಾವಪ್ಪ, ಪಾಪ ಸುತ್ತಿಕೊಂಡೀತು” ಎಂದು ಯಾರೋ ಹಿಂದಿನಿಂದ ಅಂದರು. ಕೊನೆಗೆ ಕಾರಹುಣ್ಣಿಮೆಯ ತನಕ ತಡೆಯುತ್ತೇವೆ, ಅಷ್ಟರಲ್ಲಿ ಏನು ಮಾಡುತ್ತೀಯೋ ಮಾಡು ಎಂದರು.

ಮಾತು ಕೊಟ್ಟವರು ತಡೆದರೇ? ನಾಲ್ಕೈದು ದಿನಕ್ಕೆ ನಮ್ಮ ಬೂದಿ ಬಾಯಲ್ಲಿ ನೊರೆ ಕಾರುತ್ತ ದಡ್ಡಿಯ ಬೇಲಿಗೆ ಬಂದು ಬಿದ್ದಳು. ಬೂದಿ ನಮ್ಮ ಹಿರಿಯ ಹೆಣ್ಣುನಾಯಿ. ವಿಷ ಯಾರು ಹಾಕಿದರು ಎಂದು ಯಾರೂ ಬಾಯಿ ಬಿಡಲಿಲ್ಲ. ನಮ್ಮ ಯಜಮಾನರು ಗುಂಡಿ ತೋಡಲು ಹಾರೆ ತಂದರು. ನಾನು ತಡೆದೆ. ಗೋಣಿಚೀಲದಲ್ಲಿ ಅವಳನ್ನು ಸುತ್ತಿ, ಮಗನ ಸೈಕಲ್ಲಿನ ಹಿಂದೆ ಕಟ್ಟಿಸಿ, ನಾನು ಹಿಂದಿನಿಂದ ನಡೆಯುತ್ತ ದನದ ದವಾಖಾನೆಗೆ ಹೋದೆ. ಬಾಗಿಲಲ್ಲಿದ್ದ ಕಂಪೌಂಡರ್ ಮೂಗು ಮುಚ್ಚಿಕೊಂಡ.

“ಸತ್ತ ನಾಯಿಗೆ ಏನ ಔಷಧ ಕೊಡೂನಬೇ?”

“ಸತ್ತದ್ದಕ್ಕ ಔಷಧ ಬ್ಯಾಡೋ ತಮ್ಮಾ. ಇದರ ಹೊಟ್ಟ್ಯಾಗ ಏನೈತಿ ಅಂತ ಕೊಯ್ದು ನೋಡಬೇಕು. ಸಾಹೇಬ್ರನ್ನ ಕರಿ.”

ದನದ ಡಾಕ್ಟರು ಪ್ರಾಯದವರು, ಧಾರವಾಡದ ಕಡೆಯವರು. ನನ್ನ ಮಾತು ಪೂರ್ತಿ ಕೇಳಿದರು. ಕೈಗೆ ರಬ್ಬರ್ ಚೀಲ ಹಾಕಿಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನಮ್ಮನ್ನು ದೂರ ನಿಲ್ಲಿಸಿದರು. ಸಣ್ಣ ಕರುಳನ್ನು ಉದ್ದಕ್ಕೆ ಸೀಳಿ ನೀರಿದ್ದ ಬಿಳಿ ತಟ್ಟೆಯಲ್ಲಿ ಹರಡಿದರು. ಒಳಮೈಗೆ ರವೆ ಉದುರಿಸಿದಂತೆ ಬೆಳ್ಳಗೆ ಕಾಳು ಕಾಳು ಅಂಟಿದ್ದವು. ನನಗೆ ಸುಣ್ಣದ ಚೂರು ಎನಿಸಿತು.

“ಇವss ನೋಡ್ರಿ ಅವ್ವಾರ, ಹುಳ” ಎಂದರು. “ಒಂದೊಂದೂ ಅಕ್ಕಿಕಾಳಿಗಿಂತ ಸಣ್ಣದು. ಇದರಿಂದ ನಾಯಿಗೆ ಏನೂ ಆಗೂದಿಲ್ಲ. ಉಣ್ತೈತಿ, ಓಡ್ತೈತಿ, ಯಾರಿಗೂ ಗೊತ್ತಾಗೂದಿಲ್ಲ. ಹುಳದ ತತ್ತಿ ಹೇಲಿನ್ಯಾಗ ಹೊರಗ ಬೀಳ್ತಾವ. ಹುಲ್ಲಿನ ಜೋಡಿ ಕುರಿ ಹೊಟ್ಟಿಗೆ ಹೋದ್ರ ಪುಪ್ಪಸದಾಗ ನೀರುಗುಳ್ಳಿ. ನಾಯಿ ಮೈ ಮುಟ್ಟಿದ ಕೈ ಕೂಸಿನ ಬಾಯಿಗೆ ಹೋದ್ರ ಕೂಸಿಗೆ ಗುಳ್ಳಿ. ಆ ಗುಳ್ಳಿ ಇರೋ ಪುಪ್ಪಸ ಹಸೀದss ನಾಯಿ ತಿಂದ್ರ ಮತ್ತ ನಾಯಿ ಹೊಟ್ಟ್ಯಾಗ ಹುಳ. ಗಾಣ ಇದ್ದಂಗ ಸುತ್ತತೈತಿ.”

ಬೂದಿಯನ್ನು ದವಾಖಾನೆಯ ಹಿಂದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿದೆವು. ನನಗೆ ಅಳು ಬರಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಹುಳಕ್ಕೆ ಗುಳಿಗೆ ಇದೆಯಂತೆ! ನುಂಗಿಸಿದರೆ ಸಾಯುವ ಹುಳಕ್ಕೆ ನನ್ನ ನಾಯಿ ಸಾಯಬೇಕಾಯಿತಲ್ಲ! ಇನ್ನೊಂದು ಕೇಳಿ. ಆ ಗುಳಿಗೆ ದವಾಖಾನೆಯಲ್ಲಿ ಇರಲಿಲ್ಲ. ಎತ್ತಿಗೆ, ಎಮ್ಮೆಗೆ, ಕುರಿಗೆ ಔಷಧ ಬರುತ್ತದೆ, ನಾಯಿಗೆ ಬರುವುದಿಲ್ಲವಂತೆ. ಕುರಿ ಕಾಯುವ ನಾಯಿ ದುಡಿಯುವ ಪ್ರಾಣಿ ಅಲ್ಲವೇ? ಡಾಕ್ಟರು ಚೀಟಿ ಬರೆದುಕೊಟ್ಟರು, ಮಗ ಹುಬ್ಬಳ್ಳಿಗೆ ಹೋಗಿ ತಂದ.

ಗುಳಿಗೆಯನ್ನು ನಾಯಿಯ ತೂಕ ನೋಡಿ ಕೊಡಬೇಕು. ತಕ್ಕಡಿಯಲ್ಲಿ ನಾಯಿ ಕೂರುತ್ತದೆಯೇ? ನಮ್ಮ ಯಜಮಾನರು ಸಂತೆಯಲ್ಲಿ ಟಗರನ್ನು ಹೊಟ್ಟೆಗೆ ಕೈ ಕೊಟ್ಟು ಎತ್ತಿ ತೂಕ ಹೇಳುವವರು. ಒಂದೊಂದೇ ನಾಯಿಯನ್ನು ಹಾಗೆಯೇ ಎತ್ತಿ, “ಇದು ವರ್ಷದ ಮರಿಯಷ್ಟು, ಇದು ಬಡಕಲ ಟಗರಿನಷ್ಟು” ಎಂದು ಹೇಳುತ್ತ ಹೋದರು. ಅದನ್ನು ಡಾಕ್ಟರಿಗೆ ಹೇಳಿದೆ. ನಕ್ಕು, ಅಂದಾಜು ಹಿಡಿದು, ಯಾವುದಕ್ಕೆ ಎಷ್ಟು ಎಂದು ವಿಂಗಡಿಸಿಕೊಟ್ಟರು. ನಮ್ಮವಲ್ಲದೆ, ನಮ್ಮ ಜೊತೆ ಕುರಿ ಮೇಯಿಸುವವರ ನಾಯಿಗಳನ್ನೂ ಸೇರಿಸಿಕೊಂಡೆ. ಬಿಟ್ಟರೆ ಗಾಣ ನಿಲ್ಲುವುದಿಲ್ಲ.

ಗುಳಿಗೆ ನುಂಗಿಸುವುದು ಒಂದು ಲಡಾಯಿ. ಮೊದಲು ರೊಟ್ಟಿಯಲ್ಲಿ ಸುತ್ತಿ ಕೊಟ್ಟೆ. ಕರಿಯ ಎಂಬ ನಾಯಿ ರೊಟ್ಟಿ ತಿಂದು ಗುಳಿಗೆಯನ್ನು ನನ್ನ ಕಾಲ ಬೆರಳಿನ ಮೇಲೆ ಉಗುಳಿತು. ಬೆಲ್ಲದಲ್ಲಿ ಕೊಟ್ಟೆ, ನೆಕ್ಕಿ ಬಿಟ್ಟಿತು. ಆಗ ಒಂದು ಕುರಿ ಈದಿತ್ತು. ಮರಿ ಕುಡಿದು ಉಳಿದ ಹಾಲಿನಲ್ಲಿ ಗಿಣ್ಣ ಕಾಸಿ, ಗುಳಿಗೆ ಪುಡಿ ಮಾಡಿ ಅದರಲ್ಲಿ ಕಲಸಿ ಉಂಡೆ ಕಟ್ಟಿದೆ. ಕರಿಯ ಅಗಿಯದೆಯೇ ನುಂಗಿಬಿಟ್ಟಿತು.

ಆಮೇಲೆ ಎರಡು ದಿನ ನಾಯಿಗಳನ್ನು ಕಟ್ಟಿಹಾಕಬೇಕು. ಸತ್ತ ಹುಳದ ಜೊತೆ ತತ್ತಿಯೂ ಬೀಳುತ್ತವೆ, ಔಷಧಕ್ಕೆ ಹುಳ ಸಾಯುತ್ತವೆಯೇ ಹೊರತು ತತ್ತಿ ಸಾಯುವುದಿಲ್ಲ, ಅದಕ್ಕೆ ಬೆಂಕಿಯೇ ಆಗಬೇಕು ಎಂದು ಡಾಕ್ಟರು ತಾಕೀತು ಮಾಡಿದ್ದರು. ಹುಟ್ಟಿದಾಗಿನಿಂದ ಹಗ್ಗ ಕಾಣದ ನಾಯಿಗಳು. ಹುರಿಹಗ್ಗ ಕಡಿದವು, ಎತ್ತಿನ ಸರಪಳಿ ಹಾಕಿದೆವು. ನಾನು ಮೂಗಿಗೆ ಸೆರಗು ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಹೇಲನ್ನು ಮಣ್ಣಿನ ಸಮೇತ ಸಲಿಕೆಯಲ್ಲಿ ಎತ್ತಿ, ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. “ನಾಯಿ ಹೇಲಿಗೆ ಹೋಮ ಮಾಡಾಕತ್ತಾಳ ನೋಡ್ರಿ” ಎಂದು ಒಬ್ಬಳು ಅಂದಳು. “ಬಾ, ನೀನೂ ಒಂದ್ ಕುಳ್ಳ ಹಾಕಿ ಪುಣ್ಯಾ ಕಟಗೋ” ಎಂದೆ. ಲಗೂ ಲಗೂ ಹೋದಳು.

ನಾಯಿಗಳು ಸರಪಳಿಯಲ್ಲಿದ್ದಾಗ ಬೆಳಗಿನ ಜಾವ ತೋಳ ಬಂದು ಎರಡು ಮರಿ ಒಯ್ದಿತು. ನಮ್ಮ ಯಜಮಾನರು ಬೇಲಿಯ ಹತ್ತಿರ ರಕ್ತ ನೋಡಿ ಬಂದು ನನ್ನ ಮುಂದೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಸತ್ತ ಮರಿಯ ತಾಯಿ ಇಡೀ ದಿನ ಒದರಿತು. ಅದನ್ನು ಕೇಳುತ್ತ ನಾನು ಮೋಟೆಬೆನ್ನೂರಿನಲ್ಲಿದ್ದ ಕೂಸನ್ನು ನೆನೆದೆ, ಮತ್ತೆ ಸಲಿಕೆ ಹಿಡಿದೆ.

ಮೂರನೆಯ ದಿನ ನಾಯಿಗಳನ್ನು ಬಿಟ್ಟೆವು. ನಾನು ಹೊಳೆಗೆ ಬಟ್ಟೆ ಒಗೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಮೈದುನ ಬೇವಿನ ಗಿಡಕ್ಕೆ ಒಂದು ಕುರಿ ಕೊಯ್ದು ತೂಗುಹಾಕಿದ್ದ. ನಾಯಿಗಳು ಸಾಲಾಗಿ ಕೂತು ಏನೋ ತಿನ್ನುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಪುಪ್ಪುಸ. ನೀರುಗುಳ್ಳೆ ತುಂಬಿದ ಹಸೀ ಪುಪ್ಪುಸ!

ನಮ್ಮಲ್ಲಿ ಕುರಿ ಕೊಯ್ದರೆ ನಾಯಿಯ ಪಾಲು ಎಂದು ತೆಗೆದಿಡುವ ಪದ್ಧತಿ. ಅದು ಕೊಡದೆ ಚೂರಿ ತೊಳೆಯುವುದಿಲ್ಲ. ಒಳ್ಳೆಯದನ್ನು ನಾವು ಇಟ್ಟುಕೊಳ್ಳುತ್ತೇವೆ, ಗುಳ್ಳೆ ಎದ್ದದ್ದನ್ನು ನಾಯಿಗೆ ಹಾಕುತ್ತೇವೆ, ಮೇಲೆ ಅದಕ್ಕೆ ಧರ್ಮ ಎಂಬ ಹೆಸರು.

ಮೈದುನ ಹಲ್ಲು ಕಿರಿದ. “ಅತ್ತಿಗೆವ್ವಾ, ಪಾಪ, ಎರಡ ದಿನಾ ಕಟ್ಟಿ ಹಾಕಿದ್ದಿ ಅಲಾ, ಅದಕ್ಕ ಹೊಟ್ಟಿ ತುಂಬ ಪಾಲ ಕೊಟ್ಟೇನಿ. ದುವಾ ಕೊಡ್ತಾವ ನೋಡು.”

ನನ್ನ ಕೈಯಲ್ಲಿದ್ದ ಹಸೀ ಬಟ್ಟೆಯ ಗಂಟನ್ನು ಅವನ ಮೇಲೆ ಒಗೆದೆ. “ಹುಚ್ಚಪ್ಯಾಟಿ! ಕೂಸಿನ್ನ ಇನ್ನೊಮ್ಮೆ ಟೇಬಲ್ ಮ್ಯಾಲ ಮಲಗಸ್ತೀಯೇನೋ? ಎರಡ ಮರಿ ತೋಳಕ್ಕ ಕೊಟ್ಟು ತೊಳದ ಹೊಟ್ಟಿಗೆ ಮತ್ತ ಹುಳಾ ತುಂಬೀದಿಯಲ್ಲೋ!” ಅವನಿಗೆ ಅರ್ಥವೇ ಆಗಲಿಲ್ಲ. ಎದುರು ಸಿಟ್ಟಿಗೆದ್ದ. “ಹಂಗಂತ ಹಿರೇರು ಹಾಕಿದ ಪಾಲು ಬಿಡಾಕ ಬರ್ತೈತೇನು? ನಾಯಿ ಬಾಯಾಗಿಂದು ಕಸಗೊಂಡ್ರ ದಡ್ಡಿ ಉದ್ಧಾರ ಆಗೂದಿಲ್ಲ!” ನಮ್ಮ ಯಜಮಾನರೂ ತಲೆಯಾಡಿಸಿ, “ಪಾಲು ನಿಲ್ಲಸೂದು ನನ್ನ ಕೈಲಿ ಆಗೂದಿಲ್ಲ” ಎಂದರು.

ಮರುದಿನ ಹೋಗಿ ದನದ ಡಾಕ್ಟರ ಮುಂದೆ ಅತ್ತೆ. ಅವರು ಬೈಯಲಿಲ್ಲ. “ಹೊಸ ಹುಳಾ ಬೆಳದು ತತ್ತಿ ಇಡಾಕ ಒಂದೂವರಿ ತಿಂಗಳರೆ ಬೇಕು. ಅಷ್ಟರಾಗ ಮತ್ತ ಗುಳಿಗಿ ಹಾಕೂನು. ಆದ್ರ ಹಸೀದು ತಿನ್ನೂದು ನಿಲ್ಲಬೇಕು. ಸುಡ್ರಿ, ಹುಗೀರಿ, ಇಲ್ಲಾ ಚಂದಂಗ ಬೇಯಸ್ರಿ” ಎಂದರು.

ಹುಗಿದರೆ ಪಾಲು ನಿಂತಂತೆ. ಸುಟ್ಟರೂ ನಿಂತಂತೆ. ಬೇಯಿಸಿದರೆ? ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಪಾಲು ಕೊಡಬೇಕು ಎಂದು ಹಿರಿಯರು ಹೇಳಿದ್ದಾರೆ, ಹಸಿಯಾಗಿಯೇ ಕೊಡಬೇಕು ಎಂದು ಎಲ್ಲಿ ಹೇಳಿದ್ದಾರೆ? ಮನೆಗೆ ಬಂದವಳೇ ನೀರು ಕಾಸುವ ಹಳೆಯ ಹಂಡೆಯನ್ನು ಬೇವಿನ ಗಿಡದ ಕೆಳಗೆ ಮೂರು ಕಲ್ಲಿನ ಮೇಲೆ ಕೂರಿಸಿದೆ.

“ಇನ್ನ ಮ್ಯಾಲ ನಾಯಿ ಪಾಲು ಈ ಹಂಡೇದಾಗ. ಕುದಿ ಹತ್ತಿದ ಮ್ಯಾಲ ಒಂದ್ ತಾಸು. ಆಮ್ಯಾಲ ಆರಿಸಿ ಹಾಕ್ರಿ. ಪಾಲೂ ಉಳೀತು, ಕೂಸೂ ಉಳೀತು” ಎಂದೆ.

“ನಾಯಿಗೆ ಅಡಿಗಿ ಮಾಡಿ ಬಡಸ್ತೀಯೇನು?” ಎಂದ ಮೈದುನ.

“ನಿಮ್ಮಣ್ಣಗ ಇಷ್ಟ ವರ್ಷ ಬೇಯಿಸಿ ಹಾಕೇನಿ, ಒಂದ್ ದಿನಾ ಚಲೋ ಆಗೇತಿ ಅಂದಾವರಲ್ಲ. ನಾಯಿಯರೆ ಬಾಲಾ ಅಲ್ಲಾಡಸ್ತಾವ.”

ನಮ್ಮ ಯಜಮಾನರು ನಕ್ಕರು. ಮರಿ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಎದ್ದು ಹೋಗಿ ಹಂಡೆಯ ಕೆಳಗೆ ಇಡಲು ಕಟ್ಟಿಗೆ ಸೀಳತೊಡಗಿದರು.

ಮಟನ್ ಅಂಗಡಿ ಇಟ್ಟಿರುವ ಚಾಚಾ ನನ್ನ ಮಾತಿಗೆ ಮೊದಲು ಒಪ್ಪಿದವರು. “ಖರೇ ಹೇಳ್ತೀನಿ ಬೆಹೆನ್, ಆ ಗುಳ್ಳಿ ನಾನೂ ಹಿಂದಿನ ಬಯಲಿಗೇ ಒಗೀತಿದ್ದೆ. ನಮ್ಮ ಮನ್ಯಾಗೂ ಸಣ್ಣ ಮೊಮ್ಮಗಳು ಐತಿ, ಆಕೀನೂ ನಾಯಿಮರಿ ಬಿಡೂದಿಲ್ಲ” ಎಂದು ಅಂಗಡಿಯ ಹಿಂದೆ ಆಳದ ಗುಂಡಿ ತೋಡಿಸಿ ಮೇಲೆ ಚಪ್ಪಡಿ ಎಳೆಸಿದರು. ಕುರಿ ಕಾಯುವ ಉಳಿದ ಮನೆಗಳವರು ಮೊದಲು ಆಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ನಮ್ಮ ಹಂಡೆಗೇ ಪಾಲು ತಂದು ಹಾಕಿದರು. ಎರಡನೆಯ ಸಲ ಗುಳಿಗೆ ಕೊಟ್ಟಾಗ ನಾಯಿಗಳನ್ನು ಸರದಿಯಲ್ಲಿ ಕಟ್ಟಿದೆವು, ಅರ್ಧದಷ್ಟು ನಾಯಿಗಳು ಕಾವಲಿಗೆ ಉಳಿದವು. ಮರಿಗಳಿಗೆ ಏನೂ ಆಗಲಿಲ್ಲ. ಆಮೇಲೂ ತಪ್ಪಿಸದೆ ಕೊಡುತ್ತ ಬಂದೆವು. ಕಟ್ಟೆಯವರೇ? ಕಾರಹುಣ್ಣಿಮೆ ಬಂತು, ಹೋಯಿತು. ಬಿತ್ತನೆ ಸುರುವಾಗಿತ್ತು, ಯಾರೂ ನಾಯಿಯ ಮಾತೇ ತೆಗೆಯಲಿಲ್ಲ. ಅವರಿಗೆ ಮರೆತೇ ಹೋಗಿತ್ತು. ನನ್ನ ಬೂದಿ ಸತ್ತದ್ದು ಅವರಿಗೆ ಮರೆಯುವಷ್ಟು ಸಣ್ಣದು!

ದಸರೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕೂಸಿನ ಹೊಟ್ಟೆಯನ್ನು ಮತ್ತೆ ಸ್ಕ್ಯಾನಿಂಗ್ ಮಾಡಿದರು. ಹೊಸ ಗುಳ್ಳೆ ಇಲ್ಲ. ದನದ ಡಾಕ್ಟರು ನಮ್ಮ ನಾಯಿಗಳ ಹೇಲನ್ನು ಯಂತ್ರದಲ್ಲಿ ನೋಡಿ, “ತತ್ತಿ ಕಾಣಸಲಿಲ್ಲ. ಆದ್ರ ಇದು ಒಂದ್ ಸಲದ ಕೆಲಸ ಅಲ್ರಿ, ಗುಳಿಗಿ ನಿಲ್ಲಸಬ್ಯಾಡ್ರಿ, ಹಂಡೇನೂ ಇಳಸಬ್ಯಾಡ್ರಿ” ಎಂದರು. ಸೊಸೆಗೆ ಹೇಳಿ ಕಳಿಸಿದೆ. ಆಕೆ ಹೇಳಿದ್ದನ್ನು ನಂಬುವವಳಲ್ಲ, ನೋಡಿ ನಂಬುವವಳು. ಮೊನ್ನೆ ಒಬ್ಬಳೇ, ಮುನ್ಸೂಚನೆ ಇಲ್ಲದೆ ಬಂದಳು. ಅಂದು ಮನೆದೇವರಿಗೆ ಕುರಿ ಕೊಯ್ದಿದ್ದೆವು. ಬೇವಿನ ಗಿಡದ ಕೆಳಗೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನನ್ನ ಮೈದುನ ಹಂಡೆ ತಿರುವುತ್ತಿದ್ದ. ಕರಿಯ ಪಕ್ಕದಲ್ಲಿ ಜೊಲ್ಲು ಸುರಿಸುತ್ತ ಕಾಯುತ್ತಿತ್ತು.

“ಕಾಕಾ, ಏನ ಮಾಡಾಕತ್ತೀರಿ?” ಎಂದಳು.

“ನಾಯಿ ಪಾಲವಾ. ಇನ್ನೂ ಅರ್ಧ ತಾಸು ಕುದೀಬೇಕು. ಈಗss ತಗದ್ರ ನಿಮ್ಮತ್ತಿ ನನ್ನss ಇದರಾಗ ಹಾಕ್ತಾಳ.”

ಸೊಸೆ ಕಟ್ಟಿಗೆಯಿಂದ ಒಂದು ತುಂಡು ಮೇಲೆತ್ತಿ, ಸೀಳಿ, ಒಳಗೂ ಬೆಂದಿದೆಯೇ ಎಂದು ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಸೆರಗಿಗೆ ಕೈ ಒರೆಸುತ್ತ ಹೇಳಿದಳು:

“ಅತ್ತಿ, ಕೂಸಿನ್ನ ಕರಕೊಂಡ ಬರ್ತೇನಿ. ಆದ್ರ ನಾಯಿ ಜೋಡಿ ಮಲಗಸೂದು ಬಂದ್. ಮುಟ್ಟಿದ್ರ ಸಬಕಾರ ಹಚ್ಚಿ ಕೈ ತೊಳೀಬೇಕು. ಆಕಿ ಅಷ್ಟss ಅಲ್ಲ, ಎಲ್ಲಾರೂ.”

“ನೀ ಹೇಳಿದಂಗ ಆಗಲೇಳವಾ” ಎಂದೆ. ಅಳುವನ್ನು ತಡೆದು ಹಿಡಿದಿದ್ದೆ. ಆಕೆಯೇ ಮೊದಲು ಅತ್ತಳು.

ಹೀಗೆ ನಿನ್ನೆ ಕೂಸು ಬಂತು. ಜೊತೆಗೆ ಬೀಗರೂ ಬಂದರು. ಸಂಜೆ ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬ ಪದ್ಧತಿ ಬಿಟ್ಟು, ಪಡಸಾಲೆಯಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಹಾಕಿದೆ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಕೆಂಪು ಚಟ್ನಿ, ಕೂಸಿಗೆಂದು ಗೋಧಿ ಹುಗ್ಗಿ. ಬೀಗರು, ನಮ್ಮ ಯಜಮಾನರು, ಮಗ, ಮೈದುನ, ಅವನ ಹೆಂಡತಿ ಎಲ್ಲ ಕೂತರು. ನನ್ನನ್ನೂ ಸೊಸೆ ಕೈ ಹಿಡಿದು ಕೂರಿಸಿದಳು. ಮೈದುನ ಇನ್ನೇನು ರೊಟ್ಟಿ ಮುರಿಯಬೇಕು, ಕೂಸು ಸೊಂಟಕ್ಕೆ ಕೈ ಕೊಟ್ಟು ಅವನ ಮುಂದೆ ನಿಂತಿತು.

“ಸಣ್ಣಜ್ಜಾ, ನೀ ಈಗ ಕರಿಯನ ತಲಿ ಸವರಿದಿ. ನಾ ನೋಡೇನಿ. ಏಳು, ಸಬಕಾರ ಹಚ್ಚು.”

ಊರ ಕಟ್ಟೆಗೂ ಬಗ್ಗದ ಮನುಷ್ಯ, ರೊಟ್ಟಿಯನ್ನು ತಟ್ಟೆಯಲ್ಲಿ ಬಿಟ್ಟು, ಎದ್ದು ಬಚ್ಚಲಿಗೆ ಹೋದ. ಅವನ ಹಿಂದೆ ನಮ್ಮ ಯಜಮಾನರೂ ಎದ್ದರು. ಅವರ ಹಿಂದೆ ಬೀಗರು. ಕೂಸು ಬಚ್ಚಲ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಮೂಸಿ ನೋಡಿ ಒಳಗೆ ಬಿಟ್ಟಿತು. ಆಮೇಲೆ ನನ್ನ ತೊಡೆಗೆ ಆತುಕೊಂಡು ಕೂತಿತು. ನಾವೆಲ್ಲರೂ ಕೂಡಿ ಉಂಡೆವು. ಕೂಸು ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡಿತು.